ಒಂದಕ್ಷರ ಬಿಡದ ಬಂದೇನವಾಜ್

ನಮ್ಮ ಭಾನುವಾರದ ಬಳಗಕ್ಕೆ ಈ ವರ್ಷ ಹತ್ತು ತುಂಬಿತು. ಹಳೆಯ ಸಿನಿಮಾ ನೋಡುವ ಹುಚ್ಚಿರುವ ಮೂವತ್ತು ಜನ ಕಲಬುರಗಿಯಂಥ ಊರಿನಲ್ಲಿ ಹತ್ತು ವರ್ಷ ಜಗಳವಾಡದೆ ಒಟ್ಟಿಗಿದ್ದಾರೆ ಎಂದರೆ ಸ್ಮರಣ ಸಂಚಿಕೆ ತರಲೇಬೇಕು ಎಂದು ಎಲ್ಲರೂ ಪಟ್ಟು ಹಿಡಿದರು. ಅದರಲ್ಲಿ ಬಂದೇನವಾಜ್ ಸಾಬರ ಬಗ್ಗೆ ನಾಲ್ಕು ಪುಟ ಬರೆಯುವ ಕೆಲಸ, ಕಾರ್ಯದರ್ಶಿ ಎಂಬ ಕಾರಣಕ್ಕೆ, ನನ್ನ ಕೊರಳಿಗೆ ಬಿತ್ತು. "ಚಲೋ ಚಲೋದಷ್ಟೇ ಬರೀರಿ ಗುರುಪ್ರಸಾದ ಸರ್" ಎಂದರು. ಇಪ್ಪತ್ತೆರಡು ವರ್ಷದಿಂದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿರುವವನು ನಾನು. ಚಲೋದಷ್ಟೇ ಹೇಳುವುದು ನನಗೇನು ಹೊಸದಲ್ಲ. ಸಂಚಿಕೆಗೆ ಬೇಕಾದ ನಾಲ್ಕು ಪುಟ ಒಂದು ಗಂಟೆಯಲ್ಲಿ ಬರೆದು ಕೊಟ್ಟೆ. ಅದರಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಂದೇನವಾಜ್ ಸಾಬರ ಊರು ಕಮಲಾಪುರ. ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಭಾಷಾಂತರಕಾರರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಕಾಗದದ ಮೇಲೆ ಇಂಗ್ಲಿಷ್. ಸಾಕ್ಷಿ ಕಟಕಟೆಯಲ್ಲಿ ನಿಂತು ಅತ್ತರೂ, ಬೈದರೂ, ಹಸಿ ಸುಳ್ಳು ಹೇಳಿದರೂ ಅದನ್ನು ಹಾಗೇ ಎತ್ತಿ ಇನ್ನೊಂದು ಭಾಷೆಯಲ್ಲಿ ಇಡುವುದು ಅವರ ಕೆಲಸವಾಗಿತ್ತು. ಸಾಕ್ಷಿ 'ನಾನು ಕೊಂದೆ' ಎಂದರೆ ಅವರೂ 'ನಾನು ಕೊಂದೆ' ಎನ್ನಬೇಕು. ತಮ್ಮದೊಂದು ಮಾತು ಸೇರಿಸುವಂತಿಲ್ಲ, ಕೇಳಿದ್ದರಲ್ಲಿ ಒಂದು ಮಾತು ನುಂಗುವಂತಿಲ್ಲ. ಒಟ್ಟು ಎಷ್ಟು ಕೊಲೆ ಮಾಡಿದ್ದೀರಿ ಎಂದು ನಾನೊಮ್ಮೆ ತಮಾಷೆಗೆ ಕೇಳಿದ್ದೆ. "ನಲವತ್ತಾರು" ಎಂದರು, ನಗದೆ. "ಅದರಾಗ ಹೆಂಡ್ತೀನ ಕೊಂದಿದ್ದು ಹತ್ತೊಂಬತ್ತು."

ನಮ್ಮ ಬಳಗ ಮೊದಲು ಸೇರುತ್ತಿದ್ದುದು ಐವಾನ್-ಎ-ಶಾಹಿ ಬಡಾವಣೆಯಲ್ಲಿ, ಗೆಳೆಯನೊಬ್ಬನ ಮಹಡಿಯ ಮೇಲೆ. ಒಂದು ಭಾನುವಾರ ಪಕ್ಕದ ಮನೆಗೆ ಬಂದಿದ್ದ ಸಾಬರು ನಮ್ಮ ಸದ್ದು ಕೇಳಿ ಮೇಲೆ ಬಂದು ಹಿಂದಿನ ಸಾಲಿನಲ್ಲಿ ಕೂತರು. ಜಪಾನಿನ ಕಪ್ಪು ಬಿಳುಪು ಚಿತ್ರ ಓಡುತ್ತಿತ್ತು. ಕೆಳಗೆ ಇಂಗ್ಲಿಷ್ ಅಕ್ಷರ ಬಂದು ಬಂದು ಮಾಯವಾಗುತ್ತಿದ್ದವು. ನಮ್ಮಲ್ಲಿ ಅರ್ಧ ಜನ ಅದನ್ನು ಓದಿ ಮುಗಿಸುವ ಮೊದಲೇ ಮುಂದಿನ ಸಾಲು ಬಂದುಬಿಡುತ್ತಿತ್ತು, ಆದರೆ ಗೊತ್ತಾಗುತ್ತಿಲ್ಲ ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಹಿಂದಿನಿಂದ ಯಾರೋ ಗೊಣಗುವುದು ಕೇಳಿ ಬೈಯಲೆಂದು ತಿರುಗಿದೆ. ಸಾಬರು ಪಕ್ಕದಲ್ಲಿದ್ದ ನಮ್ಮ ವಿಮಲಾಬಾಯಿ ಟೀಚರಿಗೆ ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಬೈಯುವುದನ್ನು ಬಿಟ್ಟು ನಾನೂ ಕೇಳುತ್ತ ಕೂತೆ. ಮುಂದಿನ ವಾರ ಅವರ ಕೈಗೆ ಮೈಕ್ ಕೊಟ್ಟೆವು.

ಅಂದಿನಿಂದ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಕಮಲಾಪುರದಿಂದ ಬರುತ್ತಿದ್ದರು. ತೆರೆಯ ಎಡಗಡೆ ಒಂದು ಸ್ಟೂಲು, ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಮೈಕು. ಪೆನ್‌ಡ್ರೈವಿನಲ್ಲಿ ಮೊದಲೇ ಕೊಟ್ಟ ಚಿತ್ರವನ್ನು ಮನೆಯಲ್ಲಿ ಮೂರು ಸಲ ನೋಡಿ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುವರು. ದೊರೆಯ ಮಾತನ್ನೂ ಅವರೇ ಆಡುವರು, ದೊರೆಯ ಕಾಲಿಗೆ ಬಿದ್ದ ರೈತನ ಮಾತನ್ನೂ ಅವರೇ ಆಡುವರು, ಗಂಡ ಬಿಟ್ಟವಳ ಅಳುವನ್ನೂ ಅದೇ ಒಂದೇ ದನಿಯಲ್ಲಿ ಹೇಳುವರು. ದನಿ ಏರಿಸಿದ್ದನ್ನು ನಾನು ಎಂದೂ ಕೇಳಿಲ್ಲ.

ನಾವು ಹೆಚ್ಚಾಗಿ ನೋಡುತ್ತಿದ್ದುದು ಜಪಾನಿನವರು ಯುದ್ಧದಲ್ಲಿ ಸೋತ ಮೇಲೆ, ಐವತ್ತರ ದಶಕದಲ್ಲಿ ತೆಗೆದ ಚಿತ್ರಗಳು. ಅದಕ್ಕೆ ನಾನೇ ಕಾರಣ. ನಮ್ಮ ಕಡೆಯ ಇತಿಹಾಸದ ಸಿನಿಮಾ ಎಂದರೆ ಆನೆ, ಕುದುರೆ, ಕಿರೀಟ, ಗೆಲುವು. ಅವುಗಳಲ್ಲಿ ಸತ್ತವರೂ ಭಾಷಣ ಮಾಡಿಯೇ ಸಾಯುತ್ತಾರೆ. ಜಪಾನಿನವರ ಆ ಚಿತ್ರಗಳಲ್ಲಿ ಖಡ್ಗ ಒರೆಯಿಂದ ಹೊರಬರುವುದು ಕಡಿಮೆ. ಮಂಡಿಯೂರುವುದು, ಬಾಗಿಲಲ್ಲಿ ಕಾಯುವುದು, ಅಪ್ಪಣೆ ಓದಿಸಿ ಕೇಳುವುದು ಜಾಸ್ತಿ. ಕಥೆ ಮುನ್ನೂರು ವರ್ಷ ಹಿಂದಿನದು, ಬೈಯುತ್ತಿರುವುದು ಮಾತ್ರ ನಿನ್ನೆಯವರನ್ನು. ದೊಡ್ಡವರು ಹೇಳಿದರೆಂದು ಬಾವುಟ ಹಿಡಿದು ಮಕ್ಕಳನ್ನು ಯುದ್ಧಕ್ಕೆ ಕಳಿಸಿದ ಜನವೇ, ಹತ್ತು ವರ್ಷ ತುಂಬುವ ಮೊದಲೇ, ಟಿಕೆಟ್ ಕೊಂಡು ಈ ಚಿತ್ರಗಳ ಮುಂದೆ ಕೂತಿದ್ದರು. ಅವರ ಮುಖಕ್ಕೇ ಹೇಳಿದರೆ ಎದ್ದುಹೋಗುತ್ತಾರೆ. ಅದಕ್ಕೇ ಹಳೆಯ ಕಾಲದ ಬಟ್ಟೆ ತೊಡಿಸಿ ಹೇಳಿದರು. ಇದನ್ನೆಲ್ಲ ನಾನು ಪ್ರತಿ ಚಿತ್ರದ ಮೊದಲು ಹತ್ತು ನಿಮಿಷ ಕೊರೆಯುತ್ತಿದ್ದೆ. ಸಾಬರು ಒಮ್ಮೆ ಮಾತ್ರ ತಮ್ಮ ಅಭಿಪ್ರಾಯ ಹೇಳಿದರು. "ಎಲ್ಲಾ ಪಿಕ್ಚರ್‌ದಾಗ ನ್ಯಾಯ ಹೇಳೋ ಒಬ್ಬ ಹಾಕಿಮ ಕಟ್ಟಿ ಮ್ಯಾಲ ಕೂತಿರ್ತಾನ, ಬಡವ್ರು ಕೆಳಗ ಕಲ್ಲಿನ ಮ್ಯಾಲ ಕೂತಿರ್ತಾರ. ನನಗ ನೌಕ್ರಿಗಿ ಹೋದಂಗೇ ಆಗ್ತದ."

ಬಳಗ ಬೆಳೆದ ಮೇಲೆ ಮಹಡಿ ಸಾಲಲಿಲ್ಲ. ಆಗ ಕೈ ಹಿಡಿದವರು ಜಗದೇವಪ್ಪ ಸಾವಕಾರರು. ಊರ ಪಕ್ಕದ ನಂದೂರದಲ್ಲಿ ಅವರದೊಂದು ತೊಗರಿಬೇಳೆ ಮಿಲ್ಲು. ಭಾನುವಾರ ಮಿಲ್ಲಿಗೆ ರಜೆ, ಗೋದಾಮಿನ ಗೋಡೆಗೆ ಸುಣ್ಣ ಹೊಡೆಸಿ ಕೊಟ್ಟರು. ಒಂದೇ ಷರತ್ತು ಹಾಕಿದರು: "ನಮ್ಮ ಕೆಲಸದ ಹೆಣ್ಮಕ್ಕಳೂ ನೋಡ್ಲಿ. ಅವರಿಗಿ ಯಾರು ತೋರಿಸ್ತಾರ ಇಂಥಾವೆಲ್ಲ." ನಮ್ಮ ಕಣ್ಣು ತುಂಬಿ ಬಂದವು. ದುಡಿಯುವ ಹೆಂಗಸರಿಗೆ ಜಗತ್ತಿನ ಒಳ್ಳೆಯ ಸಿನಿಮಾ! ಅದರ ಫೋಟೋ ತೆಗೆದು ನಾವೂ ಎಲ್ಲ ಕಡೆ ಹಾಕಿಕೊಂಡೆವು, ಸಾವಕಾರರೂ ಹಾಕಿಕೊಂಡರು.

ಹೆಂಗಸರು ಮಡಚಿದ ಗೋಣಿಚೀಲಗಳ ಮೇಲೆ ಮುಂದೆ ಕೂರುತ್ತಿದ್ದರು, ನಾವು ಹಿಂದೆ ಕುರ್ಚಿಯ ಮೇಲೆ. ಜಪಾನಿನವರು ನೆಲದ ಮೇಲೆ ಕೂತು ಉಣ್ಣುವುದು, ಕ್ಯಾಮೆರಾ ಕೂಡ ನೆಲದ ಮೇಲೆ ಕೂತವರ ಎತ್ತರಕ್ಕೇ ಇರುವುದು ಅವರಿಗೆ ಭಾರಿ ಸೇರಿತು. ಅವರಲ್ಲಿ ಅಂಬಮ್ಮ ಎಂಬುವಳೊಬ್ಬಳಿದ್ದಳು. ಐವತ್ತರ ಆಸುಪಾಸು, ಬಾಯಿ ಜೋರು. ಚಿತ್ರ ಓಡುವಾಗ ನಡುವೆಯೇ ಎದ್ದು ಸಾಬರನ್ನು ಕೇಳುವಳು: "ಚಾಚಾ, ಖರೇನೇ ಹಂಗಂದಳೇನ್ರೀ ಆಕಿ?"

"ಖರೇನವ್ವ. ಒಂದಕ್ಷರ ಕೂಡಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ."

ಆಗ ಅಂಬಮ್ಮ ಸಮಾಧಾನವಾಗಿ ಕೂರುವಳು. ಪಕ್ಕದಲ್ಲಿ ಮಗಳು ಮಲ್ಲಿಕಾ ನಾಚಿಕೆಯಿಂದ ಅವ್ವನ ಸೆರಗು ಜಗ್ಗುವಳು. ಇದು ಪ್ರತಿ ವಾರದ ಆಟ. ಅಂಬಮ್ಮ ಕೇಳದಿದ್ದರೆ ಸಾಬರೇ ಒಮ್ಮೆ ಅವಳ ಕಡೆ ನೋಡುತ್ತಿದ್ದರು.

ಆ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಶನಿವಾರ ಸಂಜೆ ಕೆಲಸ ಬಿಡುವಾಗ ಪ್ರತಿ ಹೆಂಗಸಿಗೂ ಒಂದೊಂದು ಬೊಗಸೆ ಬೇಳೆ ನುಚ್ಚು. ಕೈಯಲ್ಲಿ ಕೊಡುವುದಲ್ಲ, ಸಾವಕಾರರ ಎದುರು ನಿಂತು ಸೆರಗು ಒಡ್ಡಬೇಕು, ಅವರು ತಮ್ಮ ಕೈಯಿಂದಲೇ ಉಡಿಗೆ ಹಾಕುವರು. ಅವರ ಅಪ್ಪನ ಕಾಲದಿಂದ ಬಂದದ್ದಂತೆ. ಯಾವ ಕಾಗದದಲ್ಲಿಯೂ ಬರೆದಿಲ್ಲ.

ಹೋದ ವರ್ಷ ಒಂದು ಶನಿವಾರ, ಉಡಿ ತುಂಬಿಸಿಕೊಂಡ ಮೇಲೆ, ಬೆಲ್ಟಿನ ಬುಡದಲ್ಲಿ ಕಸ ಉಳಿದಿದೆ ಎಂದು ಮೇಲ್ವಿಚಾರಕ ಭೀಮಶಾ ಅಂಬಮ್ಮನನ್ನು ಮತ್ತೆ ಒಳಗೆ ಕಳಿಸಿದ. ಮಷೀನು ಓಡುತ್ತಿತ್ತು. ಬೆಲ್ಟಿನ ಮುಂದೆ ಇರಬೇಕಾದ ಕಬ್ಬಿಣದ ಜಾಲರಿ ರಿಪೇರಿಗೆಂದು ಬಿಚ್ಚಿದ್ದು ಎಂಟು ದಿನದಿಂದ ಗೋಡೆಗೆ ಒರಗಿ ನಿಂತಿತ್ತು. ಸೆರಗು ಸಿಕ್ಕಿತು. ಮುಂದಿನದನ್ನು ನಾನು ಬರೆಯುವುದಿಲ್ಲ. ಹೆಣವನ್ನು ಎತ್ತಿದಾಗ ಅವಳ ಉಡಿಯಲ್ಲಿ ನುಚ್ಚು ಹಾಗೇ ಇತ್ತು, ಒದ್ದೆಯಾಗಿ.

ಒಂದು ಗಂಟೆಯೊಳಗೆ ಜಾಲರಿ ತನ್ನ ಜಾಗಕ್ಕೆ ಹೋಗಿ ಕೂತಿತು. ಎಂಟು ದಿನ ಸಿಗದ ವೆಲ್ಡಿಂಗಿನವನು ಆ ಸಂಜೆ ಹತ್ತೇ ನಿಮಿಷದಲ್ಲಿ ಸಿಕ್ಕ. ಮಾರನೆಯ ದಿನವೇ ಮಿಲ್ಲಿನ ಕಡೆಯಿಂದ ಸುದ್ದಿ ಹೊರಟಿತು: ಅಂಬಮ್ಮ ಜಾಲರಿ ಸರಿಸಿ ಬೇಳೆ ಕದಿಯಲು ಕೈ ಹಾಕಿದ್ದಳು, ಉಡಿಯಲ್ಲಿ ಮಾಲು ಸಿಕ್ಕಿದೆ. ಬದುಕಿದ್ದಾಗ ಸಾವಕಾರರ ಕೈಯಿಂದ ದಾನವಾಗಿ ಬಂದ ನುಚ್ಚು ಅವಳು ಸತ್ತ ಕೂಡಲೇ ಕಳವಿನ ಮಾಲಾಯಿತು.

ಇದು ಸುಳ್ಳೆಂದು ಮಿಲ್ಲಿನ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚು ಗೊತ್ತಿದ್ದುದು ಮರಿಯಮ್‌ಗೆ. ಮರಿಯಮ್ ಬಂದೇನವಾಜ್ ಸಾಬರ ಒಬ್ಬಳೇ ಮಗಳು. ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೆ ಬಂದವಳು, ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಮಿಲ್ಲಿನಲ್ಲಿ ಕೆಲಸದವರ ಹಾಜರಿ ಬರೆಯುತ್ತಿದ್ದಳು. ಜಾಲರಿ ಹಾಕಿಸಿ ಎಂದು ಭೀಮಶಾನಿಗೆ ಎರಡು ಸಲ ಹೇಳಿದವಳೂ ಅವಳೇ, ಅಂಬಮ್ಮನನ್ನು ಒಳಗೆ ಕಳಿಸಿದ್ದನ್ನು ಕಂಡವಳೂ ಅವಳೇ. ಅಂದು ಮನೆಗೆ ಹೋಗಿ ಅಪ್ಪನ ಮುಂದೆ ಎಲ್ಲ ಹೇಳಿ ಅತ್ತಳಂತೆ. ಹೊರಗಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬರುತ್ತಾರೆ, ಒಂದು ವಾರ ಬಿಟ್ಟು ಬುಧವಾರ ಸಾಕ್ಷಿ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾಯಿತು. ಮಲ್ಲಿಕಾ ಮಿಲ್ಲಿನ ಬಾಗಿಲಲ್ಲಿ ನಿಂತು ಹೋಗಿಬರುವ ಹೆಂಗಸರಿಗೆಲ್ಲ ಕೈ ಮುಗಿಯುತ್ತಿದ್ದಳು. "ನನಗ ಏನೂ ಬ್ಯಾಡ. ನಮ್ಮವ್ವ ಕಳ್ಳಿ ಅಲ್ಲ ಅಂತ ಬರೆಸ್ರಿ, ಅಷ್ಟೇ ಸಾಕು."

ವಿಚಾರಣೆಗೆ ಮೊದಲಿನ ಭಾನುವಾರ ಯಾವ ಚಿತ್ರ ಹಾಕಬೇಕು ಎಂದು ನಾನು ಯೋಚಿಸುತ್ತಿದ್ದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಸಾಬರೇ ಫೋನ್ ಮಾಡಿ, "ಆ ಉಪ್ಪಿನ ಪಿಕ್ಚರ್ ಹಚ್ಚೋಣ್ರಿ ಸರ್" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಾಕ್ಷಿ ಹೇಳಲು ಆ ಮನುಷ್ಯನಿಗೆ ಗೊತ್ತಿದ್ದ ದಾರಿ ಒಂದೇ, ಬೇರೆಯವರ ಮಾತನ್ನು ಎತ್ತಿ ಇಡುವುದು.

ಆ ಚಿತ್ರದ ಹೆಸರು ಹೇಳುವುದಿಲ್ಲ. ಹೇಳಿದರೆ ಹುಡುಕಿ ನೋಡುತ್ತೀರಿ, ನೋಡಿ ನಮ್ಮ ಹಾಗೆಯೇ ಬೀಗುತ್ತೀರಿ. ಕಥೆ ಇಷ್ಟು. ಸಮುದ್ರದ ದಂಡೆಯಲ್ಲಿ ಒಬ್ಬ ದೊರೆಯ ಉಪ್ಪಿನ ಮಡಿಗಳು. ಉಪ್ಪಿನ ಉಗ್ರಾಣದ ಗೋಡೆ ಶಿಥಿಲವಾಗಿದೆ ಎಂದು ಹೆಂಗಸರು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಗೋಡೆ ಬಿದ್ದು ಆರು ಹೆಂಗಸರು ಸಾಯುತ್ತಾರೆ. ರಾಜಧಾನಿಯಿಂದ ವಿಚಾರಣೆಗೆ ಹಾಕಿಮ ಬರುತ್ತಾನೆ. ದೊರೆಯ ಕಡೆಯವರು, ಸತ್ತವರು ಉಪ್ಪು ಕದಿಯಲು ಉಗ್ರಾಣ ಹೊಕ್ಕಿದ್ದರು ಎಂದು ಹೇಳಿಸುತ್ತಾರೆ. ಉಳಿದ ಐವರು ಹೆಂಗಸರು ಒಬ್ಬೊಬ್ಬರಾಗಿ ಕಲ್ಲಿನ ಮೇಲೆ ಮಂಡಿಯೂರಿ ಸಾಕ್ಷಿ ನುಡಿಯುತ್ತಾರೆ. ಎಲ್ಲರೂ ಸುಳ್ಳು ಹೇಳುತ್ತಾರೆ. ಕೊನೆಯವಳು ಸತ್ತವಳೊಬ್ಬಳ ಅಕ್ಕ, ಇವಳಾದರೂ ನಿಜ ಹೇಳುತ್ತಾಳೆ ಎಂದು ನೋಡುವವರು ಉಸಿರು ಹಿಡಿಯುತ್ತಾರೆ. ಅವಳೂ ಅದನ್ನೇ ಹೇಳುತ್ತಾಳೆ. ಹಾಕಿಮ ಹೋಗುತ್ತಾನೆ. ಐವರಿಗೂ ಒಂದೊಂದು ಮೂಟೆ ಅಕ್ಕಿ ಸಿಗುತ್ತದೆ. ಅಕ್ಕಿ ಬೇಯಿಸಿಕೊಂಡು ಉಣ್ಣುತ್ತಾರೆ. ಅವರು ಉಣ್ಣುವುದನ್ನೇ ಕ್ಯಾಮೆರಾ ಬಹಳ ಹೊತ್ತು ತೋರಿಸುತ್ತದೆ. ಯಾರಿಗೂ ಶಿಕ್ಷೆ ಇಲ್ಲ, ಯಾರೂ ಅಳುವುದಿಲ್ಲ. ಚಿತ್ರ ಮುಗಿಯುತ್ತದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗೋದಾಮಿನ ಬಾಗಿಲು ಹಾಕಿ ಚಿತ್ರ ಶುರು ಮಾಡಿದೆ. ಅಂಬಮ್ಮನ ಚೀಲ ಖಾಲಿ ಇತ್ತು. ಜಗದೇವಪ್ಪನವರು ಹಳೆಯ ರಾಜರ ಕಥೆ ಎಂದುಕೊಂಡು ಕುರ್ಚಿಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದರು. ಗೋಡೆ ಬಿದ್ದಾಗ ತಲೆ ಎತ್ತಿದರು. 'ಸತ್ತವರು ಕಳ್ಳಿಯರು, ಹಾಗೆಂದು ಹೇಳಿ' ಎಂದು ದೊರೆಯ ಕಾರಭಾರಿ ಹೇಳುವ ಮಾತನ್ನು ಸಾಬರು ತಮ್ಮ ಒಂದೇ ದನಿಯಲ್ಲಿ ಹೇಳಿದರು. ಸಾವಕಾರರು ಬೆರಳಿನಲ್ಲಿ ನನ್ನನ್ನು ಕರೆದರು.

"ಸರ್, ಸಾಬ್ರಿಗಿ ಹೇಳ್ರಿ. ಆ ಹೆಣ್ಮಕ್ಕಳು ಖರೇನೇ ಕದೀಲಾಕ ಹೋಗಿದ್ರು ಅಂತ ಅನ್ನಲಿ. ಇಲ್ಲಿ ಜಪಾನಿ ಯಾರಿಗಿ ತಿಳೀತದ?"

ನಾನು ಹೋದೆ. ಹೌದು, ಹೋದೆ. ಸುಣ್ಣ ಹೊಡೆದ ಗೋಡೆ ಅವರದು, ಕರೆಂಟು ಅವರದು, ಬಳಗ ನನ್ನದು. ಬಗ್ಗಿಕೊಂಡು ಸ್ಟೂಲಿನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. ತೆರೆಯ ಮೇಲೆ ಸಮುದ್ರ ಮಾತ್ರ ಇತ್ತು, ಮಾತಿರಲಿಲ್ಲ. ಸಾಬರು ಮೈಕಿನ ಗುಂಡಿ ಒತ್ತಿ ಬಂದ್ ಮಾಡಿದರು.

"ಕೊಲೆಗಾರ ಹೇಳಿದ್ದೇ ನಾ ಬದಲ ಮಾಡಿಲ್ಲ ಸರ್. ಇದನ್ಯಾಕ ಮಾಡ್ಲಿ? ಸಾವಕಾರ್ರಿಗಿ ಬ್ಯಾಡಾಗಿದ್ರ ಕರೆಂಟ್ ತೆಗೀಲಿ, ನಾ ಎದ್ದು ಹೋಗ್ತೀನಿ."

ಸಾವಕಾರರು ಕರೆಂಟ್ ತೆಗೆಯಲಿಲ್ಲ. ನಾನು ತಿರುಗಿ ನೋಡಿದಾಗ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈ ಊರಿ ಚಿತ್ರ ನೋಡುತ್ತಿದ್ದರು. ಅಕ್ಕಿಯ ಮೂಟೆ ಹಂಚುವಾಗ ಅವರು ರೆಪ್ಪೆ ಮಿಟುಕಿಸಲಿಲ್ಲ.

ಚಿತ್ರ ಮುಗಿದಾಗ ಕುರ್ಚಿಯವರೆಲ್ಲ ಗದ್ಗದಿತರಾಗಿದ್ದೆವು. ಎಂಥ ನಿಷ್ಠುರ ಕಲೆ, ಆ ಅನ್ನದ ತುತ್ತಿನಲ್ಲಿ ಒಂದು ಸಮಾಜದ ಪಾಪವೆಲ್ಲ ಇದೆ, ಎಂದೆಲ್ಲ ಮಾತಾಡಿಕೊಂಡೆವು. ಚೀಲದ ಮೇಲಿನವರು ಏನೂ ಮಾತಾಡಲಿಲ್ಲ. ನನಗೆ ಅವರ ಮೌನದ ಅರ್ಥವಾಯಿತು ಎಂದುಕೊಂಡೆ. ಆದರೂ ಖಚಿತವಾಗಿರಲಿ ಎಂದು ಸಾಬರಿಗೆ, "ಎರಡು ಮಾತು ಹೇಳ್ರಿ ಸಾಬ್ರೇ. ಹಿಂಗ ಮಾಡೋದು ತಪ್ಪು, ಖರೆ ಹೇಳಬೇಕು ಅಂತ" ಎಂದೆ.

"ಪಿಕ್ಚರ್‌ದಾಗ ಆ ಮಾತಿಲ್ಲ ಸರ್."

"ಪಿಕ್ಚರ್ ಮುಗೀತಲ್ರೀ. ಈಗ ನೀವೇ ಹೇಳ್ರಿ."

"ನಾ ಏನು ಹೇಳಾಂವ? ಅವರು ಹೇಳಿದ್ದು ಮುಗೀತು, ನಂದೂ ಮುಗೀತು" ಎಂದು ನೋಟ್‌ಬುಕ್ ಮಡಚಿ ಬಸ್ಸಿಗೆ ಹೊರಟರು. ತತ್ವಕ್ಕೆ ಬದ್ಧನಾದ ಒಬ್ಬ ಮನುಷ್ಯನನ್ನು ಕಣ್ಣಾರೆ ಕಂಡೆ ಎಂದು ನಾನು ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅದೇ ಸೋಮವಾರ ಜಗದೇವಪ್ಪನವರು ಮಿಲ್ಲಿನ ಹೆಂಗಸರನ್ನೆಲ್ಲ ಕರೆಸಿ ತಲೆಗೆ ಒಂದೊಂದು ಚೀಲ ಬೇಳೆ ಕೊಟ್ಟರು. ನುಚ್ಚಲ್ಲ, ಒಂದನೇ ನಂಬರಿನ ಇಡೀ ಬೇಳೆ, ಹತ್ತು ಕಿಲೋ. ಸೆರಗು ಒಡ್ಡುವುದೂ ಬೇಕಿರಲಿಲ್ಲ. ಏನೂ ಹೇಳಲಿಲ್ಲವಂತೆ, ಬುಧವಾರದ ಮಾತನ್ನೇ ಎತ್ತಲಿಲ್ಲವಂತೆ. ಶನಿವಾರದವರೆಗೆ ಅವರ ಯೋಚನೆ ಹೆದರಿಸುವುದಾಗಿತ್ತು, ಕೆಲಸ ಬಿಡಿಸುತ್ತೇನೆ ಎಂದು ಭೀಮಶಾನ ಕೈಯಲ್ಲಿ ಹೇಳಿಸಿಯೂ ಇದ್ದರು. ಭಾನುವಾರ ಅದಕ್ಕಿಂತ ಸುಲಭದ ದಾರಿ ಕಂಡಿತು. ಹತ್ತು ವರ್ಷದಲ್ಲಿ ನಮ್ಮ ಬಳಗದ ಚಿತ್ರದಿಂದ ಪಾಠ ಕಲಿತ ಮೊದಲ ಪ್ರೇಕ್ಷಕ ಅವರು.

ಬುಧವಾರ ಬಂದ ಅಧಿಕಾರಿಗೆ ಕನ್ನಡ ಬಾರದು. ಊರಿನಲ್ಲಿ ನಂಬಿಕಸ್ಥ ಭಾಷಾಂತರಕಾರರು ಯಾರು ಎಂದು ಕೇಳಿದಾಗ ಸಾವಕಾರರೇ ಹೆಸರು ಸೂಚಿಸಿದರು. "ಬಂದೇನವಾಜ್ ಸಾಬ್ರು ಇದ್ದಾರ. ಒಂದಕ್ಷರ ಹೆಚ್ಚು ಕಡಿಮಿ ಮಾಡಾಂವ ಅಲ್ಲ." ಸಾಬರನ್ನು ಬಸ್‌ಸ್ಟ್ಯಾಂಡಿನಿಂದ ನನ್ನ ಸ್ಕೂಟರಿನ ಮೇಲೆ ಕರೆತಂದವನು ನಾನೇ. ದಾರಿಯಲ್ಲಿ, "ಇವತ್ತು ಖರೆ ಹೊರಗ ಬರ್ತದ ಬಿಡ್ರಿ" ಎಂದೆ. ಅವರು, "ಮರಿಯಮ್ ಹೇಳ್ತಾಳ. ಹೇಳಬೇಕಂತ ನಾನೇನೂ ಅಂದಿಲ್ಲ, ಆದರ ಹೇಳ್ತಾಳ" ಎಂದರು. ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು.

ಮಿಲ್ಲಿನ ಆಫೀಸಿನಲ್ಲಿ ಅಧಿಕಾರಿ ಮೇಜಿನ ಆಚೆ, ಸಾಬರು ಅವರ ಎಡಕ್ಕೆ, ಜಗದೇವಪ್ಪನವರು ಗೋಡೆ ಬದಿಯ ಕುರ್ಚಿಯಲ್ಲಿ. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ. ನನ್ನ ಪಕ್ಕದಲ್ಲಿ ಮಲ್ಲಿಕಾ. ಬಾಗಿಲು ತೆರೆದೇ ಇತ್ತು.

ಮೊದಲು ಶಿವಕಾಂತಮ್ಮ ಬಂದಳು. ಅಂಬಮ್ಮನ ಜೊತೆ ಹದಿನೆಂಟು ವರ್ಷ ಒಂದೇ ಚೀಲದ ಮೇಲೆ ಕೂತು ಬೇಳೆ ಆರಿಸಿದವಳು. ಸೆರಗು ಹೊದ್ದು ನಿಂತು, "ನಾ ನೋಡೀನ್ರಿ. ಅಂಬಮ್ಮ ಜಾಲರಿ ಸರಿಸಿ ಕೈ ಹಾಕಿದಳು. ಬೇಳೆ ಉಡ್ಯಾಗ ಹಾಕ್ಕೊಂಡಳು" ಎಂದಳು. ಆಮೇಲೆ ಸಾಬರ ದನಿ, ಇಂಗ್ಲಿಷಿನಲ್ಲಿ, ಭಾನುವಾರದ ಅದೇ ದನಿ: ನಾನು ನೋಡಿದೆ. ಅಂಬಮ್ಮ ಜಾಲರಿ ಸರಿಸಿ ಕೈ ಹಾಕಿದಳು. ಬೇಳೆ ಉಡಿಯಲ್ಲಿ ಹಾಕಿಕೊಂಡಳು.

ಎರಡನೆಯವಳು ಬಂದಳು, ಅದೇ ಮಾತು. ಮೂರನೆಯವಳು, ನಾಲ್ಕನೆಯವಳು. ಹೊರಬಂದ ಶಿವಕಾಂತಮ್ಮನನ್ನು ನಾನು ಮೂಲೆಗೆ ಕರೆದು ಸಿಟ್ಟಿನಿಂದ ಕೇಳಿದೆ. "ಭಾನುವಾರ ಅಂಥಾ ಪಿಕ್ಚರ್ ನೋಡಿ ಹಿಂಗ ಹೇಳ್ತೀಯೇನವ್ವ?"

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೋಡೀನಲ್ರೀ ಸರ್. ಅವರೂ ಹಿಂಗೇ ಹೇಳಿದ್ರಲ್ಲ? ಹೇಳಿ ಉಂಡ್ರು. ಸತ್ತಾಕಿ ಹೆಂಗಿದ್ರೂ ಸತ್ತಾಳ. ಖರೆ ಹೇಳಿ ಸುಖಪಟ್ಟಾಕಿ ಒಬ್ಬಾಕೀನರೇ ನಿಮ್ಮ ಪಿಕ್ಚರ್‌ದಾಗ ಇದ್ದಳೇನ್ರೀ?"

ನಾನು ಪಾಠ ಹೇಳುವವನು. ತಿರುಗಿ ಬಂದು ಬೆಂಚಿನ ಮೇಲೆ ಕೂತೆ.

ಕೊನೆಗೆ ಮರಿಯಮ್. ಹೆಸರು ಕೇಳಿದರು. "ಮರಿಯಮ್. ತಂದಿ ಬಂದೇನವಾಜ್, ಕಮಲಾಪುರ." ಸಾಬರು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಅಧಿಕಾರಿ ಪೆನ್ನು ನಿಲ್ಲಿಸಿ, ನಿಮ್ಮ ಮಗಳೇ ಎಂದು ಕೇಳಿದರು. ಹೌದು ಎಂದರು. ಯಾರದಾದರೂ ತಕರಾರಿದೆಯೇ ಎಂದು ಅಧಿಕಾರಿ ಕೋಣೆಯಲ್ಲಿದ್ದವರನ್ನು ಕೇಳಿದರು. ಅವರಿಗೆ ಸಂಜೆಯ ರೈಲಿತ್ತು. ಜಗದೇವಪ್ಪನವರು ನಕ್ಕು, "ಸಾಬ್ರ ಮ್ಯಾಲ ನಮಗ ಭರೋಸ ಅದ್ರಿ" ಎಂದರು.

ಮರಿಯಮ್ ಅಪ್ಪನನ್ನು ನೋಡಲಿಲ್ಲ, ಮೇಜಿನ ಕಾಲನ್ನು ನೋಡುತ್ತ ನಿಂತಿದ್ದಳು. ಹಿಂದಿನ ದಿನ ಸಾವಕಾರರು ಅವಳೊಬ್ಬಳನ್ನೇ ಕರೆಸಿ, "ಜಾಲರಿ ಇರಲಿಲ್ಲಂತ ನಿನಗ ಗೊತ್ತಿತ್ತಂದ್ರ ಹಾಜರಿ ಬರಿಯಾಕಿ ನೀನು ಕೆಲಸ ಯಾಕ ನಿಲ್ಲಿಸಲಿಲ್ಲ ಅಂತ ಮೊದಲು ನಿನ್ನನ್ನೇ ಕೇಳ್ತಾರವ್ವ" ಎಂದಿದ್ದರಂತೆ, ತೀರ ಮಗಳಿಗೆ ಹೇಳುವ ಹಾಗೆ. ಅವಳು ಅದನ್ನು ಅಪ್ಪನಿಗೆ ಹೇಳಿರಲಿಲ್ಲ.

"ಜಾಲರಿ ಇತ್ರಿ" ಎಂದಳು. "ಆಕಿ ಕದೀಲಾಕ ಕೈ ಹಾಕಿದಳು. ನಾ ನೋಡೀನಿ."

ನಾನು ಬಾಗಿಲಿನಿಂದ ಸಾಬರ ಮುಖ ನೋಡಿದೆ. ಈ ಒಂದು ಮಾತನ್ನು ಅವರು ಬದಲಿಸಬಹುದಿತ್ತು. ಅಧಿಕಾರಿಗೆ ಕನ್ನಡ ತಿಳಿಯದು. ಜಾಲರಿ ಇರಲಿಲ್ಲ ಎಂದು ಹೇಳಿಬಿಟ್ಟರೆ ಅಂಬಮ್ಮನ ಹೆಸರು ಉಳಿಯುತ್ತಿತ್ತು. ಬದಲಿಸಿ, ಬದಲಿಸಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮೂರು ದಿನದ ಹಿಂದೆ ಅವರ ಕಿವಿಯಲ್ಲಿ ಅದನ್ನೇ ಬೇಡಿದ್ದೆ, ಸಾವಕಾರರಿಗಾಗಿ. ಸಾಬರು ಅಧಿಕಾರಿಯ ಕಡೆ ತಿರುಗಿದರು. ಆಮೇಲೆ ಹೇಳಿದರು. ಜಾಲರಿ ಇತ್ತು. ಆಕೆ ಕದಿಯಲು ಕೈ ಹಾಕಿದಳು. ನಾನು ನೋಡಿದೆ.

ನನ್ನ ಪಕ್ಕದಲ್ಲಿ ಮಲ್ಲಿಕಾಗೆ ಇಂಗ್ಲಿಷ್ ತಿಳಿಯುತ್ತಿರಲಿಲ್ಲ. ಆದರೆ ಅದರಲ್ಲಿ 'ಅಂಬಮ್ಮ' ಎಂದು ಬಂದಾಗಲೆಲ್ಲ ಅವಳ ಭುಜ ಕುಲುಕುತ್ತಿತ್ತು.

ಆ ದಿನ ಬಸ್ಸಿಗೆ ಕಾಯಿಸುವುದು ಬೇಡವೆಂದು ನಾನು ಕಾರು ಮಾಡಿಕೊಂಡು ಅಪ್ಪ ಮಗಳನ್ನು ಕಮಲಾಪುರಕ್ಕೆ ಬಿಡಲು ಹೋದೆ. ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುವವರು ಕೂಗುತ್ತಿದ್ದರು. ಮನೆಯಲ್ಲಿ, ಬಂ‌ದವನನ್ನು ಹಾಗೇ ಕಳಿಸುವುದು ಹೇಗೆ ಎಂದು ಮರಿಯಮ್ ಒಲೆ ಹಚ್ಚಿದಳು. ಗೋಡೆಯ ಮೂಲೆಯಲ್ಲಿ ಆ ಹತ್ತು ಕಿಲೋ ಚೀಲ ಇತ್ತು, ಬಾಯಿ ಬಿಚ್ಚಿರಲಿಲ್ಲ. ಅವಳೇ ದಾರ ಹಿರಿದು ಬಿಚ್ಚಿದಳು. ಹುಣಸೆಹಣ್ಣು ಹಿಂಡಿದ ಬೇಳೆ, ಜೋಳದ ರೊಟ್ಟಿ. ಮೂವರೂ ನೆಲದ ಮೇಲೆ ಕೂತೆವು. ಸಾಬರು ತಟ್ಟೆಯನ್ನು ನೋಡಿದರು, ಮಗಳನ್ನು ನೋಡಿದರು, ತುತ್ತು ಮುರಿದು ಅದ್ದಿ ಬಾಯಿಗಿಟ್ಟುಕೊಂಡರು. ಮರಿಯಮ್ ಉಂಡಳು. ನಾನೂ ಉಂಡೆ. ಬೇಳೆ ಚೆನ್ನಾಗಿ ಬೆಂದಿತ್ತು, ಎರಡನೇ ಸಲ ಹಾಕಿಸಿಕೊಂಡೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಅಂಬಮ್ಮ ತನ್ನ ತಪ್ಪಿನಿಂದ ಸತ್ತಳು ಎಂದು ವರದಿಯಾಯಿತು. ಕಳ್ಳಿಯ ಮಗಳಾದರೂ ನಡುನೀರಿನಲ್ಲಿ ಕೈ ಬಿಡಲಾರೆ ಎಂದು ಸಾವಕಾರರು ಅವ್ವನ ಜಾಗದಲ್ಲಿ ಮಲ್ಲಿಕಾಗೆ ಕೆಲಸ ಕೊಟ್ಟರು. ದೊಡ್ಡ ಮನಸ್ಸು ಎಂದು ನಂದೂರವೆಲ್ಲ ಹೊಗಳಿತು. ಅವಳು ಬೇಡ ಎನ್ನಲಿಲ್ಲ. ಬೇಡ ಎಂದು ಎಲ್ಲಿಗೆ ಹೋಗುತ್ತಾಳೆ?

ಮೂರು ವಾರ ನಾವು ಚಿತ್ರ ಹಾಕಲಿಲ್ಲ. ನಾಲ್ಕನೆಯ ಭಾನುವಾರ ಮತ್ತೆ ಸೇರಿದೆವು. ಮಗಳಿಗೆ ಗಂಡು ನೋಡುವ ಮುದಿ ತಂದೆಯೊಬ್ಬನ ಕಥೆ, ಯಾರಿಗೂ ನೋವಾಗದಂಥದ್ದನ್ನು ನಾನೇ ಆರಿಸಿದ್ದೆ. ಸಾಬರು ಬಂದಿದ್ದರು, ಅದೇ ಬಿಳಿ ಅಂಗಿ, ಅದೇ ನೋಟ್‌ಬುಕ್ಕು. ಹೆಂಗಸರೂ ಬಂದಿದ್ದರು. ನಾನು ದೀಪ ಆರಿಸಬೇಕು ಎನ್ನುವಾಗ ಮಲ್ಲಿಕಾ ಎದ್ದು ನಿಂತಳು.

"ಚಾಚಾ, ಆವತ್ತ ಸಾಹೇಬಗ ಇಂಗ್ಲಿಷಿನ್ಯಾಗ ಹೇಳಿದ್ರಲ್ಲ, ನಮ್ಮವ್ವಂದು. ನನಗ ತಿಳೀಲಿಲ್ಲ. ಅದನ್ನ ಕನ್ನಡದಾಗ ಹೇಳ್ರಿ."

ನಾನು, "ಇರಲಿ ಬಿಡವ್ವ, ಕೂಡು" ಎಂದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ.

"ಮೈಕ್‌ದಾಗ ಹೇಳ್ರಿ ಚಾಚಾ. ಐದೂ ಮಂದೀದು."

ಸಾಬರು ಸ್ಟೂಲಿನಿಂದ ಎದ್ದರು. ಹತ್ತು ವರ್ಷದಲ್ಲಿ ಅವರು ನಿಂತು ಮಾತಾಡಿದ್ದು ಅದೊಂದೇ ಸಲ. ಮೈಕ್ ಹತ್ತಿರ ತಂದುಕೊಂಡು ಶಿವಕಾಂತಮ್ಮನ ಮಾತಿನಿಂದ ಶುರು ಮಾಡಿದರು. ನಾನು ನೋಡಿದೆ, ಅಂಬಮ್ಮ ಜಾಲರಿ ಸರಿಸಿ ಕೈ ಹಾಕಿದಳು. ಎರಡನೆಯವಳದು, ಮೂರನೆಯವಳದು, ನಾಲ್ಕನೆಯವಳದು. ಹೇಳಿದವರೆಲ್ಲ ಅಲ್ಲೇ ಚೀಲದ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಕೊನೆಗೆ ಮಗಳದು. ಜಾಲರಿ ಇತ್ತು. ಆಕೆ ಕದಿಯಲು ಕೈ ಹಾಕಿದಳು. ನಾನು ನೋಡಿದೆ. ಅಲ್ಲಿ ಮಾತ್ರ ದನಿ ಒಡೆಯಿತು, ಆದರೆ ಮಾತು ಬಿಡಲಿಲ್ಲ.

ಮಲ್ಲಿಕಾ ಕೊನೆಯವರೆಗೂ ಕೇಳಿದಳು. ಆಮೇಲೆ, ತನ್ನವ್ವ ಕೇಳುತ್ತಿದ್ದ ಹಾಗೆಯೇ, ಕೇಳಿದಳು: "ಖರೇನೇ ಹಂಗಂದರೇನ್ರೀ ಚಾಚಾ?"

"ಖರೇನವ್ವ" ಎಂದರು ಬಂದೇನವಾಜ್ ಸಾಬರು. "ಒಂದಕ್ಷರ ಕೂಡಿಸಿಲ್ಲ. ಒಂದಕ್ಷರ ಬಿಟ್ಟಿಲ್ಲ."

ಅವಳು ಸಮಾಧಾನವಾದವಳಂತೆ ತಲೆಯಾಡಿಸಿ, ಅವ್ವ ಕೂರುತ್ತಿದ್ದ ಚೀಲದ ಮೇಲೆ ಹೋಗಿ ಕೂತಳು. "ಇನ್ನ ಪಿಕ್ಚರ್ ಹಚ್ರಿ ಸರ್" ಎಂದಳು.

ನಾನು ಹಚ್ಚಿದೆ.